ಎಲೆಅಡಿಕೆಯ ನೆಪ

ಶಿವರಾತ್ರಿ ಕಳೆದು ಬಿಸಿಲು ಚುರುಗುಟ್ಟತೊಡಗಿದ ಮೇಲೆ ಅಟ್ಟದ ಕಾಯಿ ಇಳಿಸಿದರೆ ಕೊಬ್ಬರಿ ಒಳ್ಳೆಯ ಹದಕ್ಕೆ ಬಂದಿರುತ್ತದೆ. ಈ ಹೊತ್ತಿಗೆ ಊರಿನ ಮನೆಯ ಮುಂದಿನ ಶೆಡ್ಡಿನಲ್ಲಿ ಆರೇಳು ಹೆಂಗಸರು ಸಾಲಾಗಿ ಕೂತಿರುತ್ತಾರೆ. ಗಂಡಾಳುಗಳು ಸುಲಿದು ಹಾಕಿದ ಕಾಯನ್ನು ಒಂದೊಂದೇ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗೆ ಕೊಬ್ಬರಿ ಕರಟ ಬಿಟ್ಟು ಗಡಗಡ ಉರುಳಿದರೆ ಮಚ್ಚಿನ ಬೆನ್ನಿನಿಂದ ಹಗುರಾಗಿ ಏಟು ಹಾಕಿ, ಉಂಡೆ ಬಿರಿಯದ ಹಾಗೆ ಕರಟ ಕಳಚುತ್ತಾರೆ. ಸಿದ್ದಕ್ಕ ಮೂಲೆಯ ಕಂಬಕ್ಕೆ ಬೆನ್ನು ಕೊಟ್ಟು, ಬಗ್ಗದ ಕಾಲನ್ನು ಮುಂದಕ್ಕೆ ನೀಡಿಕೊಂಡಿರುತ್ತಾಳೆ. ಮಧುಶ್ರೀ ಮಜ್ಜಿಗೆಯ ಚೊಂಬು ಹಿಡಿದು ಬಂದರೆ, 'ನಂಗ್ ಬ್ಯಾಡ ಕಣವ್ವಾ, ಅವ್ರಿಗೆ ಕೊಡು' ಎನ್ನುತ್ತಾಳೆ. ಬೆಳಗಿನಿಂದ ಸಂಜೆಯವರೆಗೆ ಒಂದು ಗುಟುಕು ನೀರೂ ಮುಟ್ಟದೆ ದುಡಿಯುವ ಜೀವ ಅದು ಎಂದು ಮೀನಾಕ್ಷಮ್ಮ ನೆಂಟರ ಮುಂದೆ ಎಷ್ಟೋ ಸಲ ಹೊಗಳಿದ್ದುಂಟು. ಈಗಲೂ ಅದನ್ನೇ ನೆನೆಯುತ್ತಾ, ಕೊಚ್ಚಿಯ ವಿಮಾನ ನಿಲ್ದಾಣದಿಂದ ಹಡಗುಕಟ್ಟೆಗೆ ಹೋಗುವವರನ್ನೆಲ್ಲ ಒಟ್ಟಿಗೆ ತುಂಬಿಕೊಂಡು ಹೊರಟಿದ್ದ ವ್ಯಾನಿನ ನಡುಸೀಟಿನಲ್ಲಿ, ಎರಡೂ ಮೊಣಕಾಲನ್ನು ಒಂದಕ್ಕೊಂದು ಒತ್ತಿಕೊಂಡು ಕೂತಿದ್ದಳು. ಕಾಯನ್ನು ನೆನೆದರೆ, ಸಿದ್ದಕ್ಕನನ್ನು ನೆನೆದರೆ, ಕಿಬ್ಬೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂತಿದ್ದುದು ಸ್ವಲ್ಪ ಹೊತ್ತಾದರೂ ಮರೆತೀತು ಎಂದು. ಮರೆಯಲಿಲ್ಲ. ವ್ಯಾನು ಹೆದ್ದಾರಿಯ ಉಬ್ಬೊಂದನ್ನು ಹತ್ತಿ ಇಳಿದಾಗ ಅವಳು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು.

ಈ ಸೀಟಿನಲ್ಲಿ ಕೂರಬೇಕಾದವಳು ಮಧುಶ್ರೀಯೇ. ಅವಳ ಗಂಡ, ಮೀನಾಕ್ಷಮ್ಮನ ಮೈದುನ ಪರಮೇಶಿ ತುರುವೇಕೆರೆಯಲ್ಲಿ ಪಂಪುಸೆಟ್ಟಿನ ಅಂಗಡಿ ಇಟ್ಟಿದ್ದ. ವರ್ಷದಲ್ಲಿ ಇಷ್ಟು ಮೋಟಾರು ಮಾರಿದ ಅಂಗಡಿಯವರಿಗೆಲ್ಲ ಕಂಪನಿಯವರು ಜೋಡಿ ಟಿಕೇಟು ಕೊಟ್ಟು ಹಡಗಿನಲ್ಲಿ ಸುತ್ತಾಡಿಸಿಕೊಂಡು ಬರುತ್ತಾರಂತೆ. ಆದರೆ ಮಧುಶ್ರೀಗೆ ತಿಪಟೂರಿನ ಬಸ್ಸು ಹತ್ತಿದರೇ ವಾಂತಿ. 'ಹಡಗ್ನಾಗೆ ನನ್ ಕರ್ಕಂಡೋದ್ರೆ ಸಮುದ್ರನೆಲ್ಲಾ ಹುಳಿ ಮಾಡ್ಬುಡ್ತೀನಿ. ಅಕ್ಕನ್ನ ಕರ್ಕಂಡೋಗ್ರಿ' ಎಂದು ನಕ್ಕುಬಿಟ್ಟಳು. ಹೆಂಡತಿಯನ್ನು ಬಿಟ್ಟು ಅತ್ತಿಗೆಯನ್ನು ಹಡಗು ಹತ್ತಿಸುವ ಮೈದುನ ಎಲ್ಲಿದ್ದಾನೆ ಎಂದು ಊರಿನಲ್ಲಿ ಮಾತಾಯಿತು. ಮೀನಾಕ್ಷಮ್ಮ ಬೇಡವೆಂದೇ ಹೇಳಿದ್ದಳು. ಆದರೆ ಅವನು ಅಂಗಳದಲ್ಲಿ ಬೈಕಿನ ಮೇಲೆ ಕೂತೇ, ಅವಳ ಮುಖ ನೋಡದೆ, 'ಎತ್ತಿ ಆಡ್ಸಿದೋಳು ನೀನು. ಒಂದ್ಸಲ ನಾನೂ ಎಲ್ಲಾದ್ರೂ ಕರ್ಕಂಡೋಗ್ಬ್ಯಾಡ್ವಾ' ಎಂದು ಗಾಡಿ ಶುರು ಮಾಡಿಕೊಂಡು ಹೋಗಿಬಿಟ್ಟಿದ್ದ. ಅತ್ತೆ ತೀರಿಕೊಂಡಾಗ ಅವನಿಗಿನ್ನೂ ಹಾಲುಹಲ್ಲು. ತನಗೆ ಮಕ್ಕಳಾಗಲಿಲ್ಲ, ಗಂಡ ಶಂಭುಲಿಂಗಯ್ಯನೂ ತೀರಿಹೋದ, ಉಳಿದವನು ಇವನೊಬ್ಬ. ಆ ಬೈಕಿನ ಸದ್ದು ದಂಡಿನಶಿವರದ ದಾರಿಯಲ್ಲಿ ಕರಗುವವರೆಗೆ ಅವಳು ಅಂಗಳದಲ್ಲೇ ನಿಂತಿದ್ದಳು. ಎದೆ ತುಂಬಿ ಬಂದಿತ್ತು. ಹಾಗೆ ತುಂಬಿ ಬಂದದ್ದಕ್ಕೇ, ಇವನಿಗೆ ದಾರಿಯಲ್ಲಿ ನನ್ನಿಂದ ಒಂದು ಚೂರೂ ತೊಂದರೆ ಆಗಕೂಡದು ಎಂದು ಆವತ್ತೇ ಗಟ್ಟಿ ಮಾಡಿಕೊಂಡಿದ್ದಳು.

ಅದಕ್ಕೇ ಕತ್ತಲೆಯಲ್ಲಿ ಮನೆ ಬಿಟ್ಟಾಗಿನಿಂದ ನೀರು ಕುಡಿದಿರಲಿಲ್ಲ. ಸಕ್ಕರೆ ಕಾಯಿಲೆಯವಳು, ಕುಡಿದರೆ ತಡೆಯುವುದಿಲ್ಲವೆಂದು ಗೊತ್ತು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಒಂದು ಸಲ ಹೋಗಿದ್ದಳು. ಅಲ್ಲಿ ಎದ್ದು ನಿಲ್ಲುವ ಮೊದಲೇ ಕೆಳಗಿನ ನೀರು ತಾನೇ ಭೋರೆಂದು ನುಗ್ಗಿ, ಬೆಚ್ಚಿ ಹಿಂದಕ್ಕೆ ಸರಿದು, ಸೀರೆಯ ಅಂಚು ಒದ್ದೆಯಾಯಿತು. ಹೊರಗೆ ಬಂದು ಕೈ ತೊಳೆಯೋಣವೆಂದರೆ ನಲ್ಲಿಗೆ ತಿರುಪೇ ಇಲ್ಲ. ಅಲ್ಲಿ ತಡಕಿ, ಇಲ್ಲಿ ಒತ್ತಿ, ಕನ್ನಡಿಯಲ್ಲಿ ನೋಡಿದರೆ ಹಿಂದೆ ಬಣ್ಣದ ಉಗುರಿನ ಇಬ್ಬರು ಹುಡುಗಿಯರು ತುಟಿ ಬಿಗಿಹಿಡಿದು ನಿಂತಿದ್ದರು. ಕೈ ತೊಳೆಯದೇ ಬಂದುಬಿಟ್ಟಳು. ಅಷ್ಟು ಸಾಲದೆಂಬಂತೆ ತಪಾಸಣೆಯಲ್ಲಿ ಅವಳ ಚೀಲ ತಡೆದರು. ಸಮುದ್ರದ ಗಂಗಮ್ಮನಿಗೆ ಅರ್ಪಿಸಬೇಕೆಂದು ಅರಿಶಿನ ಕುಂಕುಮದ ಜೊತೆ ಒಂದು ಕಾಯಿ ಇಟ್ಟುಕೊಂಡಿದ್ದಳು. ಇಡೀ ಅಟ್ಟದ ಕಾಯಿ ಅಲ್ಲಾಡಿಸಿ ನೋಡಿ, ಹನಿ ನೀರಿಲ್ಲದೆ ಗಲಗಲ ಎನ್ನುವುದನ್ನೇ ಆರಿಸಿದ್ದಳು. ಖಾಕಿ ತೊಟ್ಟ ಹುಡುಗಿಯೂ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳ್ಳೆಯದನ್ನೇ ತಂದಿದ್ದೇನೆ ಎಂದು ಮೀನಾಕ್ಷಮ್ಮ ತಲೆ ಆಡಿಸಿದರೆ, ಅವಳು ಅದನ್ನು ಪಕ್ಕದ ಡಬ್ಬಕ್ಕೆ ಹಾಕಿದಳು. ಒಣಗಿದ ಕಾಯಿ ಬೆಂಕಿ ಹಿಡಿಯುತ್ತದೆ, ವಿಮಾನದಲ್ಲಿ ಬಿಡುವುದಿಲ್ಲವಂತೆ. 'ಎಳೆಕಾಯಿ ತಂದಿದ್ರೆ ಬುಟ್ಬುಡ್ತಿದ್ರು ಕಣಕ್ಕಾ, ನೀವು ಮಂಡಿ ಟೆಂಡ್ರಿಗೆ ಹಾಕೋ ಒಣಮಾಲೇ ತಂದ್ಬುಟ್ಟಿದೀರ' ಎಂದು ಹುಳಿಯಾರಿನ ಅಂಗಡಿಯ ಹಾಲಸ್ವಾಮಿ ನಗಾಡಿದ. ಪರಮೇಶಿಯೂ ನಕ್ಕ, ಅವಳೂ ನಕ್ಕಳು. ಆ ನಾಚಿಕೆಯ ಬಿಸಿಯಲ್ಲಿಯೇ ವಿಮಾನ ಹತ್ತಿ ಕೂತಾಗ ಬೊಂಬೆಯಂಥ ಹುಡುಗಿಯೊಬ್ಬಳು ಬಗ್ಗಿ, ನಗುತ್ತಾ, ಲೋಟದ ತುಂಬ ಕಾಫಿ ಚಾಚಿದಳು. ಅಷ್ಟು ಚಂದವಾಗಿ ಕೊಟ್ಟದ್ದನ್ನು ಬೇಡವೆನ್ನುವುದು ಹೇಗೆ. ಕುಡಿದಳು. ಈಗ ಕಲ್ಲಾಗಿ ಕೂತಿದ್ದುದು ಅದೇ.

ಕೊಚ್ಚಿಯಲ್ಲಿ ಇಳಿದ ಮೇಲೆ ಪರಮೇಶಿ ಕೇಳಿದ್ದ. ಕೇಳದೆ ಇದ್ದಿದ್ದರೆ ತಪ್ಪನ್ನು ಅವನ ಮೇಲೆ ಹಾಕಬಹುದಿತ್ತು. ಆದರೆ ಅವನು ಕೇಳಿದ್ದು ಸೂಟ್‌ಕೇಸಿನ ಸಾಲಿನಲ್ಲಿ, ಹಾಲಸ್ವಾಮಿ, ಅವನ ಹೆಂಡತಿ, ಕಂಪನಿಯ ಶ್ರೀನಿವಾಸ್ ಎಲ್ಲರೂ ನಿಂತಿರುವಾಗ: 'ಅತ್ತಿಗೆ, ಏನಾರ ಹೋಗ್ಬೇಕಾ?' ಎಲ್ಲರೂ ಅವಳ ಕಡೆ ತಿರುಗಿದರು. ಕಾಲಬೆರಳಿನಿಂದ ಕಿವಿಯವರೆಗೆ ಬಿಸಿ ಏರಿ, ತಾನೇ ಮುಂಚೆ ಯೋಚಿಸಿಟ್ಟಿದ್ದಂತೆ ಬಾಯಿ 'ಏನೂ ಬ್ಯಾಡ ಕಣಪ್ಪ, ನಡಿ' ಎಂದುಬಿಟ್ಟಿತು.

ವ್ಯಾನಿನ ಮುಂದಿನ ಸೀಟಿನಲ್ಲಿ ಶ್ರೀನಿವಾಸ್ ಗಳಿಗೆಗೊಂದು ಸಲ ಮೊಬೈಲು ನೋಡುತ್ತಿದ್ದ. ಗೇಟು ಮುಚ್ಚಿದರೆ ಹಡಗು ಯಾರಿಗೂ ಕಾಯುವುದಿಲ್ಲ, ನನ್ನ ಕೆಲಸ ಹೋಗುತ್ತದೆ ಎಂದು ಎರಡು ಮೂರು ಸಲ ಹೇಳಿದ್ದ. ಹಿಂದೆ ಹಾಲಸ್ವಾಮಿ ಕಿಟಕಿಯಾಚೆಯ ತೆಂಗುಗಳನ್ನು ನೋಡಿ ಟೀಕೆ ಶುರು ಮಾಡಿದ್ದ: 'ನೋಡ್ಲಾ ಪರಮೇಶಿ, ಮರ ಎಷ್ಟುದ್ದ, ಕಾಯಿ ಎಷ್ಟಗಲ. ಇವ್ರು ಅಟ್ಟಕ್ಕೆ ಹಾಕಲ್ಲ ಕಣ್ಲಾ, ಹಸೀದ್ನೇ ತಿಂದು ಮುಗಿಸ್ತಾರೆ.' ಮೀನಾಕ್ಷಮ್ಮನೂ ನೋಡಿದಳು. ಮನೆಮನೆಯ ಕಾಂಪೌಂಡಿನೊಳಗೆ, ಅಂಗಡಿಗಳ ನೆತ್ತಿಯ ಮೇಲೆ, ಎಲ್ಲೆಂದರಲ್ಲಿ ತೆಂಗು. ಇಷ್ಟು ಮರ, ಒಂದರ ಹಿಂದೆಯೂ ಮರೆ ಇಲ್ಲ. ಅವಳ ಪಕ್ಕದಲ್ಲಿ ಊರಿನವಳಲ್ಲದ ಒಬ್ಬ ಹೆಂಗಸು ಕೂತಿದ್ದಳು. ನಲವತ್ತರ ಆಸುಪಾಸು, ಪ್ಯಾಂಟು, ಕತ್ತರಿಸಿದ ಕೂದಲು, ತೊಡೆಯ ಮೇಲೆ ಇಸ್ತ್ರಿ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಬಿಳಿ ಸಮವಸ್ತ್ರ. ಹಡಗಿನಲ್ಲೇ ಕೆಲಸ ಮಾಡುವವಳಿರಬೇಕು. ಹತ್ತುವಾಗ ಒಮ್ಮೆ ನಕ್ಕಿದ್ದಳು, ಆಮೇಲೆ ಕಣ್ಣು ಮುಚ್ಚಿ ಒರಗಿದ್ದಳು. ಆಲುವಾ ದಾಟಿದ ಮೇಲೆ ನೆತ್ತಿಯ ಮೇಲೆ ಮೆಟ್ರೋ ರೈಲಿನ ಹಳಿ ಹೊತ್ತ ದಪ್ಪ ಕಂಬಗಳು ಶುರುವಾದವು. ಮುಂದಿನ ಕಂಬದವರೆಗೆ ತಡೆದುಕೋ ಎಂದು ಮೀನಾಕ್ಷಮ್ಮ ತನಗೇ ಹೇಳಿಕೊಂಡಳು. ಅದು ಬಂತು, ಅದರ ಮುಂದಿನದು ಎಂದಳು. ಅಷ್ಟರಲ್ಲಿ ಎದುರಿನ ಲಾರಿ ನಿಂತಿತು, ಅದರ ಹಿಂದೆ ವ್ಯಾನು ನಿಂತಿತು, ಮುಂದಿನ ಕಂಬ ಬರುವುದೇ ನಿಂತುಹೋಯಿತು.

ಮದುವೆಯಾಗಿ ಬಂದ ಮಾರನೆಯ ದಿನವೂ ಹೀಗೇ ಎಲ್ಲವೂ ನಿಂತುಹೋಗಿತ್ತು. ನಡುಮನೆಯ ತುಂಬ ಬೀಗರು, ಜಗಲಿಯ ತುಂಬ ಗಂಡಸರು, ಹಿತ್ತಿಲಿನಲ್ಲಿ ಒಲೆ ಹೂಡಿ ಅಡುಗೆಯವರು. ಮನೆಯಿಂದ ತೋಟಕ್ಕೆ ಹೋಗಲು ಯಾವ ಕಡೆಯಿಂದ ಹೊರಟರೂ ಹತ್ತು ಜೊತೆ ಕಣ್ಣು ದಾಟಬೇಕು. ಯಾರನ್ನು ಕೇಳುವುದು, ಏನೆಂದು ಕೇಳುವುದು. ಹೊಸ ಸೀರೆಯ ಒಳಗೆ ಬೆವರುತ್ತಾ ಗೋಡೆಗೆ ಒರಗಿ ಕೂತಿದ್ದ ಹುಡುಗಿಯನ್ನು ಅಂಗಳದಲ್ಲಿ ಕರಟ ಗುಡ್ಡೆ ಮಾಡುತ್ತಿದ್ದ ಆಳು ಹೆಂಗಸೊಬ್ಬಳು ಒಂದು ಗಳಿಗೆ ನೋಡಿದಳು. ನೋಡಿ, ಪೊರಕೆ ಬಿಸಾಕಿ, ಎಲ್ಲರಿಗೂ ಕೇಳುವ ಹಾಗೆ ಅತ್ತೆಗೆ ಹೇಳಿದಳು: 'ಅಮ್ಮೋರೆ, ಬಾಯಿ ಸಪ್ಪೆ ಆಗೈತೆ. ಎಲೆಅಡಿಕೆ ಹಾಕ್ಕಂಡು ಬತ್ತೀನಿ. ಹೊಸ ಸೊಸೇನೂ ಕಳುಸ್ರಿ, ತ್ವಾಟ ತೋರುಸ್ತೀನಿ.' ಅತ್ತೆ ಸಿಡುಕಿದ್ದರು: 'ಕೆಲ್ಸ ಅಂದ್ರೆ ನಿಂಗೆ ಎಲ್ಲಿಲ್ಲದ್ ನೆಪ ಕಣೆ ಸಿದ್ದಿ. ಕೂಲಿ ಮಾತ್ರ ಪೂರಾ ಬೇಕು.' ಬೀಗರೆಲ್ಲ ನಕ್ಕರು. ಸಿದ್ದಕ್ಕ ಆ ಬೈಗುಳವನ್ನು ಸೆರಗಿನ ಮೇಲಿನ ಧೂಳಿನ ಹಾಗೆ ಕೊಡವಿಕೊಂಡು, ಕೈ ಹಿಡಿದು ಎಬ್ಬಿಸಿ, ತೋಟದ ನಡುವಿನ, ಕಾಯಿ ಸುಲಿದ ಮಟ್ಟೆಯ ರಾಶಿಯ ಹಿಂದೆ ಕರೆದುಕೊಂಡು ಹೋಗಿ, ತಾನು ಬೆನ್ನು ತಿರುಗಿಸಿ ನಿಂತಿದ್ದಳು. ಅವಳ ಬಾಯಲ್ಲಿ ಎಲೆಯೂ ಇರಲಿಲ್ಲ, ಅಡಿಕೆಯೂ ಇರಲಿಲ್ಲ. ತೋಟದ ಕೆಲಸದ ಹೆಂಗಸರ ರೂಢಿಯೇ ಅದೆಂದು ಮೀನಾಕ್ಷಮ್ಮನಿಗೆ ಆಮೇಲೆ ತಿಳಿಯಿತು. ಒಬ್ಬಳಿಗೆ ಅವಸರವಾದರೆ ಇನ್ನೊಬ್ಬಳು ಎಲೆಅಡಿಕೆ ಎನ್ನುತ್ತಾಳೆ, ಎಲ್ಲರೂ ಏಳುತ್ತಾರೆ. ಅವಸರ ಯಾರದೆಂದು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಪರಮೇಶಿ ಚಿಕ್ಕವನಾಗಿದ್ದಾಗ ನನಗೂ ಎಲೆಅಡಿಕೆ ಕೊಡಿ ಎಂದು ಹೆಂಗಸರ ಹಿಂದೆ ಓಡಿ ಬೈಸಿಕೊಳ್ಳುತ್ತಿದ್ದ.

ಪಕ್ಕದವಳು ಕಣ್ಣು ಬಿಟ್ಟಿದ್ದಳು. ಅವಳು ಮುಖ ನೋಡಲಿಲ್ಲ. ಮುಂದಿನ ಸೀಟಿನ ಕಂಬಿಯನ್ನು ಹಿಡಿದು ಬೆಳ್ಳಗಾಗಿದ್ದ ಮೀನಾಕ್ಷಮ್ಮನ ಬೆರಳುಗಳನ್ನು ನೋಡಿದಳು, ಚಪ್ಪಲಿಯೊಳಗೆ ಮುದುಡಿಕೊಂಡಿದ್ದ ಕಾಲಬೆರಳುಗಳನ್ನು ನೋಡಿದಳು. ಆಮೇಲೆ ತನ್ನ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮುಂದಕ್ಕೆ ಬಾಗಿ, ಡ್ರೈವರನಿಗೆ ಅವರ ಮಾತಿನಲ್ಲಿ ಏನೋ ಹೇಳಿದಳು. ಡ್ರೈವರ್ ತಲೆ ಅಡ್ಡಡ್ಡ ಆಡಿಸಿದ. ಅವಳು ಮತ್ತೆ ಹೇಳಿದಳು, ಈ ಸಲ ದನಿ ಎತ್ತರಿಸಿ. ಎಡಕ್ಕೆ ಪೆಟ್ರೋಲ್ ಬಂಕಿನ ಬೋರ್ಡು ಕಾಣುತ್ತಿತ್ತು, ಅದರ ಕಡೆ ಕೈ ತೋರಿಸಿದಳು.

'ಏನಂತೆ ಇವ್ರದ್ದು?' ಶ್ರೀನಿವಾಸ್ ತಿರುಗಿದ.

'ಟಾಯ್ಲೆಟ್ಟಂತೆ. ಹೊಟ್ಟೆ ಸರಿ ಇಲ್ವಂತೆ' ಎಂದ ಪರಮೇಶಿ, ಅವಳ ಮಾತಿನ ನಡುವೆ ಬಂದ ಇಂಗ್ಲಿಷಿನ ಒಂದೆರಡು ಪದ ಹಿಡಿದು.

'ಮೇಡಂ, ಏರ್‌ಪೋರ್ಟಲ್ಲೇ ಮುಗ್ಸ್ಕೊಬೇಕಿತ್ತಲ್ವಾ. ಒಬ್ರಿಗೋಸ್ಕರ ಹತ್ತು ಜನ ಲೇಟು' ಎಂದ ಶ್ರೀನಿವಾಸ್.

'ಈಯಮ್ಮಂಗೆ ಈಗ್ಲೇ ಬರ್ಬೇಕಾ' ಎಂದು ಹಾಲಸ್ವಾಮಿ ಹಿಂದಿನಿಂದ ಗೊಣಗಿದ. 'ಹಡ್ಗು ಹೋದ್ರೆ ಇವ್ಳೇ ಈಜ್ಕಂಡು ಕರ್ಕಂಡೋಗ್ಲಿ.' ವ್ಯಾನಿನಲ್ಲಿ ನಗು ಎದ್ದಿತು. ಮಾತು ಅರ್ಥವಾಗದಿದ್ದರೂ ನಗು ಯಾರ ಮೇಲೆಂದು ಅರ್ಥವಾಗದಿರಲು ಸಾಧ್ಯವಿಲ್ಲ. ಅವಳ ಕಿವಿಯ ತುದಿ ಕೆಂಪಾಯಿತು. ಆದರೂ ಹೊಟ್ಟೆ ಹಿಡಿದ ಕೈ ಬಿಡಲಿಲ್ಲ. ಡ್ರೈವರ್ ಹಾರ್ನು ಹೊಡೆಯುತ್ತಾ, ಸ್ಕೂಟರಿನವರನ್ನು ಬೈಯುತ್ತಾ, ಎಡಕ್ಕೆ ನುಗ್ಗಿಸಿ ಬಂಕಿನೊಳಗೆ ನಿಲ್ಲಿಸಿದ. ಅವಳು ಇಳಿದಳು, ಇಳಿದು, ನೆನಪಾದವಳಂತೆ ಹಿಂದಿರುಗಿ, ಒಬ್ಬಳಿಗೇ ಹೋಗಲಾಗದು ನೀವೂ ಬನ್ನಿ ಎನ್ನುವಂತೆ ಮೀನಾಕ್ಷಮ್ಮನ ಕೈ ಹಿಡಿದಳು.

'ಹೋಗತ್ತಿಗೆ, ಪಾಪ, ಸುಸ್ತಾಗಿರ್ಬೇಕು ಅವ್ರಿಗೆ. ಜೊತೆಗೋಗು' ಎಂದ ಪರಮೇಶಿ.

ಬಂಕಿನ ಹಿಂದಿನ ಗೋಡೆಯ ಪಕ್ಕ ಎಣ್ಣೆಯ ಕಲೆಗಳ ಮೇಲೆ ಅವರಿಬ್ಬರೂ ನಡೆದದ್ದು ಹೇಗೆಂದು ಮೀನಾಕ್ಷಮ್ಮನಿಗೆ ನೆನಪಿಲ್ಲ. ಒಂದು ತಗಡಿನ ಬಾಗಿಲು, ಒಳಗೆ ಬಕೆಟ್ಟು, ಮಗ್ಗು, ತಿರುಪು ಇರುವ ನಲ್ಲಿ. ಅಷ್ಟು ಸಾಕಾಗಿತ್ತು. ಕೂತಾಗ ಕಣ್ಣಿನಲ್ಲಿ ನೀರು ಬಂತು. ಮೈಯ ಬಿಗಿಯೆಲ್ಲ ಒಂದೊಂದಾಗಿ ಕಳಚಿ, ಭುಜ ಇಳಿದು, ಹಲ್ಲು ಸಡಿಲಗೊಂಡು, ಮೇಲಿನ ಜಾಲರಿಯಿಂದ ಬಿದ್ದ ಬಿಸಿಲಿನ ಚೌಕವೊಂದು ಒದ್ದೆ ನೆಲದ ಮೇಲೆ ಅಲುಗುವುದನ್ನು ನೋಡುತ್ತಾ ಅವಳು ಶಿವ ಶಿವಾ ಎಂದುಕೊಂಡಳು. ಲೋಕದಲ್ಲಿ ಇಷ್ಟು ದೊಡ್ಡ ಸುಖ ಇಷ್ಟು ಸಣ್ಣ ಕೋಣೆಯಲ್ಲಿ ಇಟ್ಟಿದ್ದಾರಲ್ಲ. ಬಾಗಿಲು ತೆಗೆದು, ನೀನು ಹೋಗವ್ವ ಎಂದು ಸರಿದು ನಿಂತರೆ, ಆ ಹೆಂಗಸು ಹೊರಗಿನ ನಲ್ಲಿಯಲ್ಲಿ ಸುಮ್ಮನೆ ಕೈ ತೊಳೆದುಕೊಳ್ಳುತ್ತಿದ್ದಳು. ಒಳಗೆ ಹೋಗಲಿಲ್ಲ. ಒದ್ದೆ ಕೈಯಿಂದ ಕತ್ತಿನ ಹಿಂಭಾಗ ತಣ್ಣಗೆ ಮಾಡಿಕೊಂಡು, ಹೋಗೋಣವೇ ಎಂದು ವ್ಯಾನಿನ ಕಡೆ ತಲೆ ಆಡಿಸಿದಳು, ಅಷ್ಟೆ. ಅವಳಿಗೆ ಯಾವ ಅವಸರವೂ ಇರಲಿಲ್ಲ.

ಮೀನಾಕ್ಷಮ್ಮ ನಿಂತಲ್ಲೇ ನಿಂತಳು. ಅವಳ ಮನಸ್ಸಿಗೆ ಬಂದದ್ದು ಈ ಹೆಂಗಸಲ್ಲ, ಸಿದ್ದಕ್ಕ. ಮದುವೆಯ ಮಾರನೆಯ ದಿನದ ಸಿದ್ದಕ್ಕ ಅಲ್ಲ, ಈಗಿನ, ಕಂಬಕ್ಕೆ ಒರಗಿ ಕಾಲು ನೀಡಿ ಕೂತ, ಮಜ್ಜಿಗೆ ಬೇಡವೆನ್ನುವ ಸಿದ್ದಕ್ಕ. ರಸ್ತೆ ಅಗಲ ಮಾಡುವಾಗ ತೋಟದ ಮುಂದಿನ ಸಾಲು ಮರಗಳೆಲ್ಲ ಹೋದವು. ಮಟ್ಟೆಯನ್ನು ನಾರಿನ ಫ್ಯಾಕ್ಟರಿಯ ಲಾರಿ ಅವತ್ತಿನದನ್ನು ಅವತ್ತೇ ತುಂಬಿಕೊಂಡು ಹೋಗುತ್ತದೆ, ರಾಶಿ ಎಂಬುದೇ ಇಲ್ಲ. ಮರೆ ಬೇಕೆಂದರೆ ಹಳ್ಳದ ತನಕ ನಡೆಯಬೇಕು. ಸಿದ್ದಕ್ಕನ ಮಂಡಿ ಅಂಗಳ ದಾಟುವುದೇ ಹೆಚ್ಚು. ಪರಮೇಶಿಯ ಮದುವೆಯಲ್ಲಿ ಹಿತ್ತಿಲಿನಲ್ಲಿ ಬಿಳಿ ಟೈಲ್ಸು ಹಾಕಿಸಿ ಕಟ್ಟಿಸಿದ ಕಕ್ಕಸು ಇದೆ. ಅದಕ್ಕೆ ಹಗಲು ಹೊತ್ತು ಬೀಗ. ನಾಯಿ ನುಗ್ಗುತ್ತವೆ ಎಂದು ಬೀಗ ತರಿಸಿದವಳು ಮೀನಾಕ್ಷಮ್ಮನೇ. ನಾಯಿಗಾಗಿ ಅಲ್ಲವೆಂದು ಅವಳಿಗೂ ಗೊತ್ತಿತ್ತು, ಶೆಡ್ಡಿನಲ್ಲಿ ಕೂತವರಿಗೂ ಗೊತ್ತಿತ್ತು. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಸಿದ್ದಕ್ಕ ನೀರು ಕುಡಿಯುವುದನ್ನು ಬಿಟ್ಟಳು. ಅದನ್ನು ಮೀನಾಕ್ಷಮ್ಮ ನೆಂಟರ ಮುಂದೆ ಹೊಗಳಿದಳು. ಒಂದು ಬೆಳಗು ತಾನು ನೀರು ಬಿಟ್ಟದ್ದಕ್ಕೆ ನಾಲಿಗೆ ಅಂಗುಳಕ್ಕೆ ಅಂಟಿದೆ. ಎಷ್ಟು ಬೇಸಗೆಗಳಿಂದ ಆ ಬಾಯಿ ಹೀಗೆ ಒಣಗಿಕೊಂಡು 'ಅವ್ರಿಗೆ ಕೊಡು' ಎನ್ನುತ್ತಿದೆ.

ವ್ಯಾನು ಹತ್ತಿದಾಗ ಹಾಲಸ್ವಾಮಿ ಬಿಡಲಿಲ್ಲ. 'ಏನಕ್ಕಾ, ಆಯ್ತಾ ನಿಮ್ ಫ್ರೆಂಡಿಂದು? ಹೊಟ್ಟೆ ಹಗುರಾಯ್ತಂತಾ?'

ನನ್ನದೇ ಕಣಪ್ಪ ಅವಸರ, ಅವಳದ್ದಲ್ಲ ಎನ್ನುವ ಮಾತು ಬಾಯಿಯವರೆಗೆ ಬಂತು. ಹೇಳಿಬಿಟ್ಟರೆ ಈ ನಗು ಇವಳ ಮೇಲಿನಿಂದ ಇಳಿಯುತ್ತದೆ. ಆದರೆ ಹಾಗೆ ಹೇಳುವುದು, ಅವಳು ಕೊಟ್ಟದ್ದನ್ನು ಅವಳ ಕೈಗೇ ವಾಪಸು ತುರುಕಿದಂತಲ್ಲವೇ. ಅವಸರ ಯಾರದೆಂದು ಹೇಳುವ ರೂಢಿ ಅವಳ ತೋಟದಲ್ಲಿರಲಿಲ್ಲ.

'ಎಲೆಅಡಿಕೆ ಹಾಕ್ಕಳಾಕೆ ಇಳುದಿದ್ವಿ ಕಣಪ್ಪ ಹಾಲಸ್ವಾಮಿ' ಎಂದಳು. 'ಇಬ್ರೂವೆ. ಇನ್ ನೀನು ಬಾಯ್ಮುಚ್ಕಂಡು ಮರ ಎಣುಸು.'

ಹಾಲಸ್ವಾಮಿ ಏನೂ ತಿಳಿಯದೆ ಹಲ್ಲು ಬಿಟ್ಟ. ಪರಮೇಶಿ ನಗಲಿಲ್ಲ. ಒಂದು ಗಳಿಗೆ ಅವಳನ್ನು, ಒಂದು ಗಳಿಗೆ ಪಕ್ಕದ ಹೆಂಗಸನ್ನು ನೋಡಿ, ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡ. ಸ್ವಲ್ಪ ಹೊತ್ತಿಗೆ ತನ್ನ ಚೀಲದಿಂದ ನೀರಿನ ಬಾಟಲಿ ತೆಗೆದು, ಮುಚ್ಚಳ ತಿರುವಿ, ಹಿಂದಿನಿಂದ ಚಾಚಿದ. ಅವಳು ಅರ್ಧ ಬಾಟಲಿ ಕುಡಿದಳು.

ಹಡಗುಕಟ್ಟೆ ಬಂದಾಗ ಗೇಟು ತೆರೆದೇ ಇತ್ತು. ಸಾಲಿನಲ್ಲಿ ಇನ್ನೂ ಎಷ್ಟೋ ಜನ ನಿಂತಿದ್ದರು. ಅವರ ತಲೆಗಳ ಆಚೆ ಹಡಗು ಊರಿಗೆ ಊರೇ ಗೋಡೆ ಎದ್ದಂತೆ ಬೆಳ್ಳಗೆ ನಿಂತಿತ್ತು. ಪಕ್ಕದವಳು ಸಮವಸ್ತ್ರದ ಕವರನ್ನು ತೋಳಿನ ಮೇಲೆ ಹಾಕಿಕೊಂಡು, ಕೊರಳಿಗೆ ಗುರುತಿನ ಚೀಟಿ ತಗುಲಿಸಿಕೊಂಡು, ಕೆಲಸದವರು ಹೋಗುವ ಬೇರೊಂದು ಸಣ್ಣ ಗೇಟಿನ ಕಡೆ ಹೊರಟಿದ್ದಳು. ಮೀನಾಕ್ಷಮ್ಮ ಸರಸರ ಹೋಗಿ ಅವಳ ಕೈ ಹಿಡಿದಳು. ಕೊಡಲು ಚೀಲದಲ್ಲಿ ಒಂದು ಕಾಯಿಯಾದರೂ ಇದ್ದಿದ್ದರೆ. ಅರಿಶಿನ ಕುಂಕುಮದ ಪೊಟ್ಟಣ ಮಾತ್ರ ಇತ್ತು. ಅವಳು ಯಾವ ಮತದವಳೋ, ಹಣೆ ಬೋಳಾಗಿತ್ತು. ಬರಿಗೈಯನ್ನೇ ಅವಳ ಹೊಟ್ಟೆಯ ಮೇಲೆ ಮೆಲ್ಲಗೆ ಇಟ್ಟು, 'ನಿನ್ ಹೊಟ್ಟೆ ತಣ್ಣಗಿರ್ಲಿ ಕಣವ್ವಾ' ಎಂದಳು. ಹಿಂದೆಯೇ ಶ್ರೀನಿವಾಸ್, ಹಾಲಸ್ವಾಮಿ ಸೂಟ್‌ಕೇಸು ಎಳೆದುಕೊಂಡು ಬರುತ್ತಿದ್ದರು. ಅವರನ್ನು ಕಂಡ ಅವಳು ತನ್ನ ಹೊಟ್ಟೆಯನ್ನು ಎರಡು ಸಲ ತಟ್ಟಿಕೊಂಡು, ಈಗ ಪರವಾಗಿಲ್ಲ, ವಾಸಿಯಾಯಿತು ಎನ್ನುವಂತೆ ಎಲ್ಲರಿಗೂ ಕಾಣುವ ಹಾಗೆ ತಲೆಯಾಡಿಸಿದಳು. ನಕ್ಕಳು. ಗೇಟಿನೊಳಗೆ ಹೋದಳು. ಹೆಸರು ಕೇಳಬೇಕೆಂದು ಮೀನಾಕ್ಷಮ್ಮನಿಗೆ ಹೊಳೆದದ್ದು ಗೇಟು ಮುಚ್ಚಿದ ಮೇಲೆ.

ಸಾಲಿಗೆ ಬಂದು ನಿಂತು, 'ಮನೆಗೊಂದು ಫೋನ್ ಹಚ್ಕೊಡಪ್ಪ' ಎಂದಳು. ಪರಮೇಶಿ ಹಚ್ಚಿಕೊಟ್ಟು ಎರಡು ಹೆಜ್ಜೆ ದೂರ ಸರಿದ. ಮಧುಶ್ರೀ ಎತ್ತಿದಳು, ಅವಳ ದನಿಯ ಹಿಂದೆ ಕರಟದ ಮೇಲೆ ಮಚ್ಚು ಬೀಳುವ ಟಕ ಟಕ ಸದ್ದು.

'ಮಧೂ, ಸಿದ್ದಕ್ಕಂಗೆ ಕೊಡೇ.'

'ಅವ್ಳ ಕೈಯೆಲ್ಲಾ ಧೂಳು ಕಣಕ್ಕಾ. ಜೋರಾಗಿ ಕೇಳೋ ಹಂಗೆ ಹಾಕ್ಲಾ?'

'ಬ್ಯಾಡ, ಕಿವಿಗೆ ಹಿಡಿ.'

'ಏನಮ್ಮೋರೆ, ಹತ್ತಿದ್ರಾ ಹಡ್ಗ?' ಸಿದ್ದಕ್ಕನ ದನಿ ಒಣಗಿದ ಗರಿಯ ಹಾಗಿತ್ತು.

'ಇಲ್ಲ ಕಣೆ, ಸಾಲ್ನಾಗೆ ನಿಂತಿವ್ನಿ. ಮಜ್ಜಿಗೆ ಕುಡುದ್ಯಾ?'

'ನಾನ್ಯಾವತ್ ಕುಡುದಿವ್ನಿ.'

ಮೀನಾಕ್ಷಮ್ಮ ಬೇರೆ ಥರ ಶುರು ಮಾಡಬೇಕೆಂದುಕೊಂಡಿದ್ದಳು, ನೇರವಾಗಿ ಕೀಲಿಗೇ ಬಂದುಬಿಟ್ಟಳು. 'ಹಿತ್ಲಾಗಿನ ಕಕ್ಕಸಿಂದು ಕೀಲಿ ಅಡುಗೆಮನೆ ಬಾಗ್ಲ ಹಿಂದೆ ಮೊಳೆಗೈತೆ. ಮಧು ಕೊಡ್ತಾಳೆ, ಇಸ್ಕಂಡು ತಗಿ. ಬೀಗ ಮತ್ತೆ ಹಾಕ್ಬ್ಯಾಡ್ರಿ. ಇವತ್ತು ಅಂತಲ್ಲ, ಯಾವತ್ತೂ ಹಾಕ್ಬ್ಯಾಡ್ರಿ. ಎಲ್ಲಾರೂ ಹೋಗ್ರಿ.'

ಆ ಕಡೆ ಮಚ್ಚಿನ ಸದ್ದು ಒಂದೆರಡು ಸಲ ಬಿದ್ದು ನಿಂತಿತು.

'ನಾಯಿ ನುಗ್ತಾವೆ ಅಂತಿದ್ರಿ' ಎಂದಳು ಸಿದ್ದಕ್ಕ.

'ನುಗ್ಲಿ ಬುಡು.'

'ಇದ ಹೇಳಾಕೆ ಸಮುದ್ರದ ತಂಕ ಹೋಗ್ಬೇಕಿತ್ತಾ ಅಮ್ಮೋರೆ?'

'ಹೂಂ ಕಣೆ ಸಿದ್ದಕ್ಕ, ಹೋಗ್ಬೇಕಿತ್ತು.'

ಆ ಕಡೆ ಫೋನು ಸಿದ್ದಕ್ಕನ ಕಿವಿಯಿಂದ ದೂರವಾದ ಸದ್ದಾಯಿತು, ಆದರೆ ಮಧುಶ್ರೀ ಅದನ್ನು ಆರಿಸಿರಲಿಲ್ಲ. ಸಾಲು ಮುಂದಕ್ಕೆ ಸರಿಯಿತು. ಪರಮೇಶಿ ಅವಳ ಚೀಲವನ್ನೂ ಎತ್ತಿಕೊಂಡ. ಮೀನಾಕ್ಷಮ್ಮ ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿ ಹಿಡಿದು ನಿಂತಿದ್ದಳು. ದೂರದ ಶೆಡ್ಡಿನಲ್ಲಿ ಅದೇ ಹಳೆಯ ದನಿ ಎಲ್ಲರಿಗೂ ಕೇಳುವ ಹಾಗೆ, 'ಏಳ್ರೇ, ಎಲೆಅಡಿಕೆ ಹಾಕ್ಕಂಡು ಬರಾನ' ಎನ್ನುತ್ತಿತ್ತು. ಮಚ್ಚುಗಳು ಒಂದೊಂದಾಗಿ ನೆಲಕ್ಕೆ ಕೂತವು, ಬಳೆಗಳು ಸದ್ದು ಮಾಡಿದವು, ಯಾರೋ ನಕ್ಕರು. ಆಮೇಲೆ, ಎದ್ದು ನಿಲ್ಲಲು ಕಂಬ ಹಿಡಿದು ಏದುಸಿರು ಬಿಡುತ್ತಾ, ಸಿದ್ದಕ್ಕ ಹೇಳಿದ್ದು ಕೇಳಿಸಿತು:

'ಮಧವ್ವಾ, ಆ ಮಜ್ಜಿಗೆ ಚೊಂಬು ಒಳಗ್ ತಗಂಡೋಗ್ಬ್ಯಾಡ. ಇಲ್ಲೇ ನನ್ ಪಕ್ಕ ಇಟ್ಟಿರು.'